ಬಿಚ್ಚಬಾರದ ಬೇರಿಂಗು

ಶಹಾಪುರ
12 ನವೆಂಬರ್ 2023

ಉಸ್ತಾದ್ ಲಾಡ್ಲೇಸಾಬ ಅವರಿಗೆ ಮಲ್ಲು ಮಾಡುವ ನಮಸ್ಕಾರಗಳು.

ಮೊದಲು ನನ್ನ ಅಕ್ಷರವನ್ನು ಕ್ಷಮಿಸಬೇಕು. ನಾಲ್ಕನೇ ತರಗತಿ ಬಿಟ್ಟ ಮೇಲೆ ಕೈಗೆ ಪಾನಾ ಬಂದಷ್ಟು ಪೆನ್ನು ಬರಲಿಲ್ಲ. ಒತ್ತಕ್ಷರ ತಪ್ಪಿದ್ದ ಕಡೆ ನೀವೇ ತಿದ್ದಿಕೊಂಡು ಓದಿ. ಮೂಲೆಯಲ್ಲಿರುವ ಕಪ್ಪು ಕಲೆ ಗ್ರೀಸಿನದು. ಕೈ ತೊಳೆದೇ ಕೂತಿದ್ದೆ, ಆದರೂ ಹತ್ತಿತು.

ಫೋನ್ ಮಾಡಿದರೆ ನಿಮಗೆ ಕೇಳಿಸುವುದಿಲ್ಲ. ಅನ್ವರಬಿ ಅಕ್ಕನ ಮೊಬೈಲಿಗೆ ಬರೆದು ಕಳಿಸೋಣವೆಂದರೆ "ಗಾಜಿನ ಮ್ಯಾಲಿನ ಅಕ್ಷರ ಓಡಿ ಹೋಗ್ತಾವ, ಕಾಗದದ್ದು ನಿಲ್ತಾವ" ಎನ್ನುತ್ತೀರಂತೆ. ಅದಕ್ಕೇ ಈ ಕಾಗದವನ್ನು ಗುರುಮಠಕಲ್ ಬಸ್ಸಿನ ಕಂಡಕ್ಟರ್ ಭಾಗಣ್ಣನ ಕೈಗೆ ಕೊಡುತ್ತಿದ್ದೇನೆ. ನಿಜ ಹೇಳಬೇಕೆಂದರೆ, ನಿಮಗೆ ಕೇಳಿಸುತ್ತಿದ್ದರೂ ನಾನು ಫೋನಿನಲ್ಲಿ ಮಾತಾಡುತ್ತಿರಲಿಲ್ಲ. ಗಿರಾಕಿ ಬಂದರೆ ಗಾಡಿಯ ಕೆಳಗೆ ಸರಿದು ಮಲಗುತ್ತಿದ್ದವನು ನಾನು. ಬರೆಯುವಾಗ ಎದುರಿಗೆ ಮುಖ ಇರುವುದಿಲ್ಲ.

ನಿಮ್ಮ ಅಂಬಾಸಿಡರ್‌ಗೆ ಕೈ ಹಚ್ಚಿದ್ದೇನೆ. ಕಿವಿ ಹೋದ ಮೇಲೆ ನೀವು ಗ್ಯಾರೇಜು ನನಗೆ ಒಪ್ಪಿಸಿ ಮಗಳು ಅನ್ವರಬಿ ಅಕ್ಕನ ಮನೆಗೆ ಹೋದಿರಲ್ಲ, ಅಂದಿನಿಂದ ಅದು ಬೇವಿನ ಗಿಡದ ಕೆಳಗೇ ನಿಂತಿತ್ತು. ಬಾಡಿ ಗಟ್ಟಿಯಾಗಿದೆ. ಮುಂದಿನ ಗಾಲಿಗಳ ಭಾಗ ಮಾತ್ರ ಪೂರ್ತಿ ತುಕ್ಕು. ಅದನ್ನು ಕತ್ತರಿಸಿ, ಗುಜರಿಯಲ್ಲಿ ಸಿಕ್ಕ ಹೊಸ ಕಾಲದ ಕಾರಿನ ಮುಂಭಾಗ ತಂದು, ಸುರಪುರದ ವೆಲ್ಡಿಂಗಿನವರಿಂದ ಕೂಡಿಸಿದೆ. "ಏನ್ ಮಲ್ಲು, ಅಜ್ಜಗ ಮೊಮ್ಮಗನ ಕಾಲು ಹಚ್ಚಾಕತ್ತಿಯಲ್ಲಪಾ" ಎಂದು ಅವರು ನಕ್ಕರು.

ಯಾಕೆ ಈ ಕೆಲಸ ಎಂದು ನಿಮಗೆ ಗೊತ್ತಿದೆ. ಗ್ಯಾರೇಜು ಬಿಟ್ಟು ಹೋಗುವ ದಿನ ನೀವು ಅಂಬಾಸಿಡರಿನ ಬಾನೆಟ್ಟಿನ ಮೇಲೆ ಕೈಯಿಟ್ಟು, "ಒಂದ ಸಲ ಇದರಾಗ ವನದುರ್ಗಕ್ಕ ಆಕಿ ಹತ್ರ ಕರಕೊಂಡು ಹೋಗ ಮಲ್ಯಾ" ಅಂದಿದ್ದಿರಿ. ಅಮ್ಮನವರೆಂದೇ ನಾನು ಕರೆಯುತ್ತಿದ್ದ ನಿಮ್ಮ ಮನೆಯವರ ಗೋರಿಗೆ ಬಸ್ಸಿನಲ್ಲಿ ಹೋಗಬಹುದಿತ್ತು. ಆದರೆ ಅವರು ಬದುಕಿರುವಾಗ ಬಸ್ಸು ಹತ್ತಿದ್ದೇ ಇಲ್ಲ, ಈ ಗಾಡಿಯ ಮುಂದಿನ ಸೀಟು ಬಿಟ್ಟು ಎಲ್ಲಿಯೂ ಕೂತಿಲ್ಲ ಎಂದು ನೀವೇ ಹೇಳುತ್ತಿದ್ದಿರಿ.

ಈಗ ಒಂದು ಕಡೆ ನಿಂತಿದ್ದೇನೆ. ಹಳೆಯ ಗಾಲಿಯಲ್ಲಿ ಒಳಗೊಂದು ಹೊರಗೊಂದು ಬೇರಿಂಗು. ಅಂಗೈಯಲ್ಲಿ ಗ್ರೀಸ್ ತುಂಬಿ, ನಟ್ಟು ಬಿಗಿದು, ಒಂದಿಷ್ಟು ಹಿಂದಕ್ಕೆ ಬಿಡುವುದು. ನೀವು ಕಲಿಸಿದ್ದು ಅದೇ. ಈ ಹೊಸ ಮುಂಭಾಗಕ್ಕೆ ಬೇರೆ ನಮೂನೆ ಬೇಕು. ಗಾಲಿಯ ನಡುವಿನ ಹಬ್ಬು, ಬೇರಿಂಗು ಎಲ್ಲ ಸೇರಿ ಒಂದೇ ಮುದ್ದೆ. ಕಾರ್ಖಾನೆಯಲ್ಲೇ ಗ್ರೀಸ್ ತುಂಬಿ ಮುಚ್ಚಿರುತ್ತಾರೆ. ಹಿಂದಿನಿಂದ ಬೋಲ್ಟ್ ಬಿಗಿದರೆ ಮುಗಿಯಿತು. ಇದನ್ನೇ ಹಾಕಲೋ, ಅಥವಾ ಲೇತಿನಲ್ಲಿ ಏನಾದರೂ ಕಡೆಸಿ ಹಳೆಯದನ್ನೇ ಕೂರಿಸಲೋ? ನೀವು ಹೇಳಿದ ಹಾಗೆ.

ನಿಮ್ಮ ಶಿಷ್ಯ
ಮಲ್ಲು


ಗುರುಮಠಕಲ್
20 ನವೆಂಬರ್ 2023

ಮಲ್ಯಾನಿಗೆ ಉಸ್ತಾದನ ದುವಾ.

ನಿನ್ನ ಕಾಗದವನ್ನು ನಾನು ಎರಡು ಸಲ ಓದಿದೆ, ಅನ್ವರಬಿ ಒಂದು ಸಲ ಓದಿದಳು. ನನ್ನ ಎದುರಿಗೆ ಇಷ್ಟು ವರ್ಷ ಇದ್ದು ನೀನು ಇಷ್ಟು ಮಾತಾಡಿದ್ದು ನೆನಪಿಲ್ಲ. ಅಕ್ಷರ ಕೋಳಿ ಕೆದರಿದ ಹಾಗಿದೆ. ಆದರೆ ಅರ್ಥವಾಗುತ್ತದೆ, ಅಷ್ಟು ಸಾಕು.

ಮುಚ್ಚಿದ ಬೇರಿಂಗು ನನ್ನ ಮನಸ್ಸಿಗೆ ಬರುವುದಿಲ್ಲ. ಒಳಗೆ ಬೆರಳು ಹಾಕಲಾಗದ ವಸ್ತುವನ್ನು ನಂಬುವುದು ಹೇಗೆ? ಆದರೆ ಲೇತಿನಲ್ಲಿ ಕಡೆಸಿ ಹಳೆಯದನ್ನು ಕೂರಿಸುವ ಹುಚ್ಚು ಬೇಡ. ಗಾಲಿಯ ವಿಷಯದಲ್ಲಿ ಕಲಬೆರಕೆ ಮಾಡಬಾರದು. ಮುಂಭಾಗ ಯಾವ ಗಾಡಿಯದೋ ಅದರದೇ ಹಬ್ಬು ಇರಲಿ.

ಸಿಗುವಂಥವನ್ನು ತಂದು ಇಲ್ಲಿಗೆ ಕಳಿಸು. ಕಣ್ಣು, ಕೈ ಇನ್ನೂ ಇವೆ. ಇಲ್ಲಿ ದಿನವಿಡೀ ಕೂತು ಏನು ಮಾಡಲಿ? ಎದುರುಮನೆಯವರು ತೆಲುಗಿನಲ್ಲಿ ಬೈದಾಡುತ್ತಾರೆ, ನನಗೆ ಅದೂ ಕೇಳಿಸುವುದಿಲ್ಲ. ಬರೀ ಬಾಯಿ ಆಡುವುದು ಕಾಣುತ್ತದೆ. ಅಳಿಯ ಮೊನ್ನೆ ಮಿಕ್ಸರ್ ತಂದು ಮುಂದಿಟ್ಟ, ರಿಪೇರಿ ಮಾಡು ಎಂದು. ಅಂಬಾಸಿಡರ್ ಕಟ್ಟಿದ ಕೈ ಇದು ಮಲ್ಯಾ. ಚಟ್ನಿ ಅರೆಯುವುದನ್ನು ಬಿಚ್ಚಿ ಕೂತಿದ್ದೆ.

ಆಕೆಯ ಗೋರಿಯ ಸುತ್ತ ಮುಳ್ಳು ಬೆಳೆದಿರಬಹುದು. ಹೋದಾಗ ಕತ್ತಿ ಇರಲಿ.

ಲಾಡ್ಲೇಸಾಬ


ಶಹಾಪುರ
3 ಡಿಸೆಂಬರ್ 2023

ಉಸ್ತಾದ್ ಅವರಿಗೆ ನಮಸ್ಕಾರ.

ಎರಡು ಜೊತೆ ಹಬ್ಬು ಕಳಿಸುತ್ತಿದ್ದೇನೆ. ಬಿಳಿ ಬಟ್ಟೆಯಲ್ಲಿ ಸುತ್ತಿದ್ದು ಯಾದಗಿರಿಯ ಅಂಗಡಿಯಿಂದ ತಂದ ಹೊಸವು. ಗೋಣಿಯಲ್ಲಿ ಸುತ್ತಿದ್ದು ಗುಜರಿಯವು, ಮುಂಭಾಗದ ಜೊತೆಯಲ್ಲೇ ಬಂದವು. ಗುಜರಿಯವು ಕೈಯಲ್ಲಿ ಸಲೀಸಾಗಿ ತಿರುಗುತ್ತವೆ. ಹೊಸವು ಬಿಗಿಯಾಗಿವೆ, ಎರಡೂ ಕೈ ಹಾಕಿ ತಿರುಗಿಸಬೇಕು. ಅಂಗಡಿಯವರು ಮುಚ್ಚಿದ ಹಬ್ಬು ಹೊಸದಿದ್ದಾಗ ಹೀಗೇ ಬಿಗಿ ಇರುತ್ತದೆ ಎಂದರು. ನನಗೆ ನಂಬಿಕೆ ಸಾಲಲಿಲ್ಲ. ನೀವು ಕೈಯಲ್ಲಿ ಹಿಡಿದು ಹೇಳಿದರೆ ಅದನ್ನೇ ಹಾಕುತ್ತೇನೆ.

ಗಂಟು ಕೊಟ್ಟಾಗ ಭಾಗಣ್ಣ, "ಇದೇನಪಾ, ಇಷ್ಟು ವಜ್ಜಿ ಅದ? ಅರ್ಧ ಟಿಕೆಟ್ ಹರೀಲೇನು ಇದಕ್ಕ?" ಎಂದ. ಮುಂದಿನ ಸೀಟಿನಲ್ಲಿದ್ದ ಒಬ್ಬಾಕೆ ಗಂಟಿಗೆ ಜಾಗ ಬಿಟ್ಟು ಸರಿದು ಕೂತಳು. ಒಳಗೆ ದೇವರ ಮೂರ್ತಿ ಇದೆ ಎಂದುಕೊಂಡಳೇನೋ.

ಮಲ್ಲು


ಗುರುಮಠಕಲ್
15 ಡಿಸೆಂಬರ್ 2023

ಬೇಟಾ ಮಲ್ಯಾ,

ಗಂಟು ಬಂತು. ಬಿಚ್ಚುವಷ್ಟರಲ್ಲಿ ಓಣಿಯ ಹುಡುಗರೆಲ್ಲ ಬಾಗಿಲಲ್ಲಿ ಸೇರಿದ್ದರು. ನಾನು ಸಾಮಾನಿನ ಪೇಟಿ ತೆಗೆದು, ಕನ್ನಡಕ ಒರೆಸಿ, ಒಂದೊಂದನ್ನೇ ತೊಡೆಯ ಮೇಲೆ ಇಟ್ಟುಕೊಂಡು ಕೂತೆ.

ಗುಜರಿಯದನ್ನು ಎಸೆದುಬಿಡು. ಸಲೀಸಾಗಿ ತಿರುಗುತ್ತದೆ, ಸರಿ. ಆದರೆ ತಿರುಗಿಸುವಾಗ ಬೆರಳ ತುದಿಗೆ ಮರಳು ಹತ್ತಿದ ಹಾಗೆ ಆಗುತ್ತದೆ. ಒಳಗಿನ ಗುಂಡು ಸವೆದಿದೆ. ನೀನು ಅದನ್ನು ಹಾಕಿದ್ದರೆ ನಾವು ಯಾದಗಿರಿಯನ್ನೂ ಕಾಣುತ್ತಿರಲಿಲ್ಲ.

ಹೊಸದೇ ಆಗಲಿ. ಅದು ಯಾಕೆ ಬಿಗಿಯಾಗಿದೆ ಎನ್ನುವುದೂ ತಿಳಿಯಿತು. ಒಳಗೆ ಒಣಗಿದೆ. ಕಾರ್ಖಾನೆಯವರು ಗ್ರೀಸಿನಲ್ಲಿ ಜಿಪುಣತನ ಮಾಡಿದ್ದಾರೆ. ನನ್ನ ಕೈಯಿಂದ ಗ್ರೀಸ್ ತುಂಬದ ಬೇರಿಂಗು ಇವತ್ತಿನ ತನಕ ಯಾವ ಗಾಲಿಗೂ ಹೋಗಿಲ್ಲ, ನಿನಗೆ ಗೊತ್ತಿದೆ. ಸಣ್ಣ ಸ್ಕ್ರೂಡ್ರೈವರಿನಿಂದ ಮುಚ್ಚಳವನ್ನು ಮೆಲ್ಲಗೆ ಎಬ್ಬಿಸಿ, ಅಂಗೈಯಲ್ಲಿ ಒತ್ತಿ ಒತ್ತಿ ತುಂಬಿ, ಮತ್ತೆ ಕೂರಿಸಿದೆ. ಈಗ ತಿರುಗಿಸಿ ನೋಡು, ಬೆಣ್ಣೆ.

ಬಹಳ ದಿನದ ಮೇಲೆ ಕೈಗೆ ಗ್ರೀಸಿನ ವಾಸನೆ ಬಂತು. ಊಟಕ್ಕೆ ಕೂತಾಗ ಅನ್ವರಬಿ, "ಅಬ್ಬಾ, ಸಾಬೂನು ಹಚ್ಚಿ ತೊಳಕೋರಿ, ರೊಟ್ಟಿ ಕಪ್ಪಾಗ್ಯಾವ" ಎಂದು ಕೈ ಮಾಡಿ ಬೈದಳು. ನಾನು ತೊಳೆಯಲಿಲ್ಲ. ಅದೇ ಕೈಯಲ್ಲಿ ಉಂಡೆ.

ಇನ್ನು ಬಿಚ್ಚಬೇಡ. ಹಾಗೆಯೇ ಕೂರಿಸಿ ಬೋಲ್ಟ್ ಬಿಗಿ. ದಿನ ಗೊತ್ತು ಮಾಡಿ ತಿಳಿಸು, ಗೋರಿಗೆ ಹೊದಿಸಲು ಹೂವಿನ ಚಾದರ್ ಹೇಳಿ ಇಡಬೇಕು.

ನಿನ್ನ ಉಸ್ತಾದ
ಲಾಡ್ಲೇಸಾಬ


ಶಹಾಪುರ
26 ಫೆಬ್ರವರಿ 2024

ಉಸ್ತಾದ್ ಅವರಿಗೆ ನಮಸ್ಕಾರ.

ಉತ್ತರಕ್ಕೆ ತಡವಾಯಿತು. ಬಣ್ಣದ ಕೆಲಸ ಹಿಡಿಯಿತು. ಮೊದಲಿನ ಬಿಳಿಯೇ ಹೊಡೆಸಿದ್ದೇನೆ.

ನೀವು ಕಳಿಸಿದ ಹಬ್ಬುಗಳನ್ನೇ ಹಾಕಿದ್ದೇನೆ.

ಬರುವ ಗುರುವಾರ ಬೆಳಿಗ್ಗೆ ಗುರುಮಠಕಲ್‌ಗೆ ಗಾಡಿ ತರುತ್ತೇನೆ. ಅಲ್ಲಿಂದ ಯಾದಗಿರಿ, ಶಹಾಪುರ, ಮಧ್ಯಾಹ್ನದೊಳಗೆ ವನದುರ್ಗ. ಕತ್ತಿ ಡಿಕ್ಕಿಯಲ್ಲಿ ಇಟ್ಟಿದ್ದೇನೆ.

ಮಲ್ಲು


ಗುರುಮಠಕಲ್
9 ಮಾರ್ಚ್ 2024

ಶ್ರೀ ಮಲ್ಲಿಕಾರ್ಜುನ ಅವರಿಗೆ,

ನೀವು ಗಾಡಿ ತಂದದ್ದಕ್ಕೆ, ಯಾದಗಿರಿಯ ತನಕ ಕೂರಿಸಿದ್ದಕ್ಕೆ ಉಪಕಾರವಾಯಿತು.

ಯಾದಗಿರಿ ದಾಟಿದ ಮೇಲಿನ ಭೀಮಾ ಹೊಳೆಯ ಬ್ರಿಜ್ ಬಂದ್ ಆಗಿದೆ, ಪೊಲೀಸರು ಹಿಂದಕ್ಕೆ ಕಳಿಸುತ್ತಿದ್ದಾರೆ ಎಂದು ನೀವು ಕೈ ಮಾಡಿ ಹೇಳಿದಿರಿ. ನನ್ನ ಕಿವಿ ಹೋಗಿದೆ, ಕಣ್ಣು ಹೋಗಿಲ್ಲ. ಬ್ರಿಜ್ಜಿನ ಮೇಲಿಂದ ಬಸ್ಸು ಬರುತ್ತಿದ್ದವು, ಜೋಳದ ಕಣಿಕೆಯ ಟ್ರ್ಯಾಕ್ಟರೂ ಬಂತು. ಬ್ರಿಜ್ಜಿನ ಮೇಲೆ ಏನಾಗಿತ್ತು ಎಂದು ಬರೆದು ತಿಳಿಸಿದರೆ ಒಳ್ಳೆಯದು.

ಹೂವಿನ ಚಾದರನ್ನು ಇಲ್ಲಿಯ ದರ್ಗಾದಲ್ಲಿ ಕೊಟ್ಟೆ.

ಲಾಡ್ಲೇಸಾಬ


ಶಹಾಪುರ
17 ಮಾರ್ಚ್ 2024

ಉಸ್ತಾದ್,

ನನ್ನನ್ನು ನೀವು ಎಂದು ಬರೆಯಬೇಡಿ.

ಬ್ರಿಜ್ ಆಗ ಬಂದ್ ಇತ್ತು, ಆಮೇಲೆ ಬಿಟ್ಟಿರಬಹುದು. ನನಗೆ ಅಷ್ಟೇ ಗೊತ್ತು. ಇನ್ನೊಂದು ಸಲ ಖಂಡಿತ ಹೋಗೋಣ. ನಿಮ್ಮ ಚಪ್ಪಲಿ ಗಾಡಿಯಲ್ಲೇ ಉಳಿದಿವೆ. ಭಾಗಣ್ಣನ ಕೈಯಲ್ಲಿ ಕಳಿಸುತ್ತೇನೆ.

ಮಲ್ಲು


ಗುರುಮಠಕಲ್
18 ಆಗಸ್ಟ್ 2024

ತಮ್ಮ ಮಲ್ಲುವಿಗೆ ಅನ್ವರಬಿಯ ಸಲಾಂ.

ನಿನಗೆ ಫೋನ್ ಹಚ್ಚಿದರೆ ನೀನು ಎತ್ತುವುದಿಲ್ಲ. ಎತ್ತಿದರೆ ಹ್ಞೂಂ, ಹ್ಞೂಂ ಎಂದು ಇಡುತ್ತೀ. ಅದಕ್ಕೆ ನಾನೂ ಕಾಗದ ಹಿಡಿದೆ.

ಅಬ್ಬಾ ಹೋದ ತಿಂಗಳು ಬಚ್ಚಲಲ್ಲಿ ಜಾರಿ ಬಿದ್ದರು. ಸೊಂಟದ ಎಲುಬು ಮುರಿದಿದೆ. ಕಲಬುರಗಿಗೆ ಒಯ್ದು ಆಪರೇಷನ್ ಮಾಡಿಸಿದೆವು. ಮಂಚದಿಂದ ಖುರ್ಚಿ, ಖುರ್ಚಿಯಿಂದ ಮಂಚ, ಇಷ್ಟೇ ಇನ್ನು. ಗಾಡಿಯಲ್ಲಿ ದೂರ ಕೂರಿಸಬೇಡಿ ಎಂದಿದ್ದಾರೆ ಡಾಕ್ಟರ್. ಇದನ್ನು ನಿನಗೆ ತಿಳಿಸಬೇಡ ಎಂದು ಅಬ್ಬಾ ಕೈ ಆಡಿಸಿದರು. ನಾನು ತಿಳಿಸುತ್ತಿದ್ದೇನೆ.

ಆ ದಿನ ಏನಾಯಿತು? ಸುಡುವ ಬಿಸಿಲು, ಬಸ್ ಸ್ಟ್ಯಾಂಡಿನಿಂದ ಮನೆಗೆ ಬರಿಗಾಲಲ್ಲಿ ನಡೆದು ಬಂದರು. ಕೈಯಲ್ಲಿ ಹೂವಿನ ಪೊಟ್ಟಣ ಹಾಗೆಯೇ ಇತ್ತು. ಚಪ್ಪಲಿ ಎಲ್ಲಿ ಎಂದು ಕಾಲು ತೋರಿಸಿ ಕೇಳಿದೆ. "ಬ್ರಿಜ್ಜಿನ ಹತ್ರ ಅವ" ಎಂದರು, ಅಷ್ಟೇ. ಆ ಮೇಲೆ ಬಸ್ಸಿನ ಹೊತ್ತಿಗೆ ಕಟ್ಟೆಯ ಮೇಲೆ ಕೂಡುತ್ತಿದ್ದರು. ಭಾಗಣ್ಣ ದೂರದಿಂದಲೇ ಕೈ ಅಲ್ಲಾಡಿಸಿ ಏನೂ ಇಲ್ಲ ಎನ್ನುತ್ತಿದ್ದ. ರಂಜಾನ್ ಮುಗಿದ ಮೇಲೆ ಕಟ್ಟೆಗೆ ಹೋಗುವುದನ್ನೂ ಬಿಟ್ಟರು.

ಸುಮ್ಮನೆ ಕೂತಾಗ ಅವರ ಬಲಗೈಯ ಹೆಬ್ಬೆಟ್ಟು ಎಡಗೈ ಅಂಗೈಯನ್ನು ಉಜ್ಜುತ್ತಿರುತ್ತದೆ. ಗ್ರೀಸ್ ತುಂಬುವ ಹಾಗೆ. ನನಗೆ ಅದನ್ನು ನೋಡಲಾಗುವುದಿಲ್ಲ.

ಮಲ್ಲು, ನೀನು ಗ್ಯಾರೇಜಿಗೆ ಬಂದಾಗಿನಿಂದ ಕಂಡಿದ್ದೇನೆ, ನೀನು ಕೆಟ್ಟವನಲ್ಲ. ಏನೋ ನುಂಗಿಕೊಂಡಿದ್ದೀ. ನನಗೆ ಹೇಳಿದರೆ ನಾನು ಅವರಿಗೆ ಮುಟ್ಟಿಸುವುದಿಲ್ಲ, ಮೊದಲೇ ಹೇಳುತ್ತೇನೆ. ಅವರಿಗೇ ಬರೆ. ದೊಡ್ಡ ದೊಡ್ಡ ಸಾಹೇಬರ ಮುಖಕ್ಕೆ "ಗಾಡಿ ಕೆಟ್ಟಿಲ್ಲ ಸಾಹೇಬ್ರ, ನೀವ ಕೆಡಿಸೀರಿ" ಎನ್ನುತ್ತಿದ್ದ ಮನುಷ್ಯ ಅವರು. ನಿಜಕ್ಕೆ ಅವರೇನೂ ಸಾಯುವುದಿಲ್ಲ.

ಅನ್ವರಬಿ


ಶಹಾಪುರ
8 ಸೆಪ್ಟೆಂಬರ್ 2024

ಉಸ್ತಾದ್,

ಇದು ನಾಲ್ಕನೆಯ ಕಾಗದ. ಮೊದಲ ಮೂರನ್ನು ಒಲೆಗೆ ಹಾಕಿದೆ.

ಬ್ರಿಜ್ ಬಂದ್ ಇರಲಿಲ್ಲ.

ಡಿಸೆಂಬರಿನಲ್ಲಿ ನೀವು ಹಬ್ಬು ತಿರುಗಿ ಕಳಿಸಿದಾಗ, ಅದನ್ನು ಯಾದಗಿರಿಯ ಅಂಗಡಿಗೆ ಒಯ್ದು ತೋರಿಸಿದೆ. ಅಂಗಡಿಯವರು ಮುಚ್ಚಳದ ಅಂಚು ನೋಡಿ, "ಇದನ್ನ ಯಾರು ಬಿಚ್ಚ್ಯಾರ? ಮುಚ್ಚಿದ್ದು ಒಮ್ಮೆ ತೆಗೆದ್ರ ಮುಗೀತು ತಮ್ಮಾ. ಧೂಳು ಹೋಗ್ತದ. ಗ್ರೀಸ್ ಜಾಸ್ತಿ ಆದ್ರ ಕಾಯ್ತದ. ಬ್ಯಾರೆ ಒಯ್ಯಿ" ಎಂದರು. ಹೊಸ ಜೊತೆಯನ್ನು ತೆಗೆದು ಮುಂದೆಯೂ ಇಟ್ಟರು. ಬಿಗಿ ಇದ್ದದ್ದು ಒಣಗಿದ್ದಕ್ಕಲ್ಲ, ಮುಚ್ಚಿದ ಹಬ್ಬು ಇರುವುದೇ ಹಾಗೆ.

ನಾನು ಹೊಸ ಜೊತೆ ತೆಗೆದುಕೊಳ್ಳಲಿಲ್ಲ. ಕೈಯಲ್ಲಿ ನಿಮ್ಮ ಕಾಗದವಿತ್ತು, ರೊಟ್ಟಿ ಕಪ್ಪಾದದ್ದು ಬರೆದಿದ್ದ ಕಾಗದ. ನೀವು ಗ್ರೀಸ್ ತುಂಬಿದ್ದನ್ನು ತೆಗೆದು ಮೂಲೆಗೆ ಎಸೆದು, ನಿಮ್ಮನ್ನು ಆ ಗಾಡಿಯಲ್ಲಿ ಹೇಗೆ ಕೂರಿಸಲಿ? ಬದಲಿಸಿ, ಬದಲಿಸಿಲ್ಲ ಎಂದು ಹೇಳಲೂ ಬಾಯಿ ಬರುತ್ತಿರಲಿಲ್ಲ. ಒಂದೇ ಸಲದ ದಾರಿ, ಮೆಲ್ಲಗೆ ಹೋದರೆ ತಾಳುತ್ತದೆ ಎಂದುಕೊಂಡೆ. ಬೇರೆ ಯಾರ ಗಾಡಿಗೂ ನಾನು ಹಾಗೆ ಮಾಡುತ್ತಿರಲಿಲ್ಲ. ನಿಮ್ಮನ್ನು ಕೂರಿಸುವ ಗಾಡಿಗೇ ಮಾಡಿದೆ.

ಗುರುಮಠಕಲ್‌ಗೆ ಬರುವಾಗಲೇ ಯಾದಗಿರಿ ದಾಟಿದ ಮೇಲೆ ಜೇನು ಗುಂಯ್ ಎಂದ ಹಾಗೆ ಸಣ್ಣ ದನಿ ಬಂತು. ಟಯರಿನದು ಎಂದು ನನಗೆ ನಾನೇ ಹೇಳಿಕೊಂಡೆ. ನೀವು ಬಿಳಿ ಜುಬ್ಬಾ ಹಾಕಿ, ಅತ್ತರು ಹಚ್ಚಿ, ಚಾದರಿನ ಪೊಟ್ಟಣ ಹಿಡಿದು ಕಟ್ಟೆಯ ಮೇಲೆ ಕೂತಿದ್ದಿರಿ. ಆಗಲಾದರೂ ಹೇಳಬಹುದಿತ್ತು. ನೀವು ಗಾಡಿಯ ಸುತ್ತ ಒಂದು ಸುತ್ತು ಬಂದು, ಒಳಗೆ ಕೂತು, ಚಪ್ಪಲಿ ಬಿಚ್ಚಿ ಮುಂದೆ ಸರಿಸಿ, ಬರಿಗಾಲನ್ನು ತಗಡಿನ ಮೇಲೆ ಊರಿದಿರಿ. ಗಾಡಿಗೆ ಮರ್ಯಾದೆ ಕೊಡುತ್ತಿದ್ದೀರಿ ಎಂದುಕೊಂಡೆ, ದರ್ಗಾದ ಒಳಗೆ ಹೋಗುವ ಹಾಗೆ.

ಯಾದಗಿರಿಗೆ ಬರುವಷ್ಟರಲ್ಲಿ ಅದು ಹಿಟ್ಟಿನ ಗಿರಣಿಯ ದನಿಯಾಗಿತ್ತು. ನೀವು ಕಿಟಕಿಯ ಆಚೆ ನೋಡುತ್ತಿದ್ದಿರಿ. ನಿಮಗೆ ಕೇಳಿಸುತ್ತಿಲ್ಲ ಎಂಬುದು ಆಗ ನನಗೆ ಸಮಾಧಾನವಾಗಿತ್ತು. ಅದನ್ನು ನೆನೆದರೆ ಈಗ ಊಟ ಸೇರುವುದಿಲ್ಲ. ಬ್ರಿಜ್ಜಿನ ಈಚೆಗೆ ನಿಲ್ಲಿಸಿ, ಕಾಲ್ಮಡಿಗೆ ಇಳಿದವನ ಹಾಗೆ ಇಳಿದು ಎಡಗಾಲಿಯ ಹಬ್ಬು ಮುಟ್ಟಿದೆ. ಅಂಗೈ ಸುಟ್ಟಿತು. ಇನ್ನೊಂದಿಷ್ಟು ಓಡಿದ್ದರೆ ಗಾಲಿ ಕಳಚುತ್ತಿತ್ತು, ಅದೂ ನೀವು ಕೂತ ಬದಿಗೆ.

ತಿರುಗಿ ಬಂದು ನಿಮ್ಮ ಮುಖ ನೋಡಿದೆ. ನಿಮ್ಮ ಕೈಯಿಂದ ಕೆಟ್ಟಿತು ಎನ್ನಲು ಆಗಲಿಲ್ಲ. ಎದುರಿಗೆ ಬ್ರಿಜ್ ಕಂಡಿತು, ಅದರ ಮೇಲೆ ಹಾಕಿದೆ. ಆಟೋ ಕರೆದು ನಿಮ್ಮನ್ನು ಯಾದಗಿರಿ ಸ್ಟ್ಯಾಂಡಿಗೆ ಒಯ್ದು, ಗುರುಮಠಕಲ್ ಬಸ್ಸು ಹತ್ತಿಸಿದೆ. ಬರಿಗಾಲಲ್ಲಿ ಹತ್ತಿದ್ದನ್ನು ನೋಡಲಿಲ್ಲ. ಗಾಡಿಗೆ ಬಂದ ಮೇಲೆ ಚಪ್ಪಲಿ ಕಂಡವು. ಕಳಿಸುತ್ತೇನೆ ಎಂದು ಬರೆದೆ, ಕಳಿಸಲಿಲ್ಲ. ಕೊಡುವಾಗ ಭಾಗಣ್ಣ ಏನು ಎತ್ತ ಎಂದು ಕೇಳುತ್ತಾನೆ ಎಂಬ ಅಂಜಿಕೆ.

ಬೇರಿಂಗು ನೀವು ಕೆಡಿಸಿದಿರಿ ಉಸ್ತಾದ್. ಉಳಿದದ್ದೆಲ್ಲ ನಾನು ಕೆಡಿಸಿದೆ.

ನೀವು ಬಿದ್ದದ್ದು ಅಕ್ಕನ ಕಾಗದದಿಂದ ತಿಳಿಯಿತು.

ಮಲ್ಲು


ಗುರುಮಠಕಲ್
20 ಅಕ್ಟೋಬರ್ 2024

ಮಲ್ಯಾ,

ಮಲಗಿಯೇ ಬರೆಯುತ್ತಿದ್ದೇನೆ. ಈಗ ನಿನ್ನ ಅಕ್ಷರವೇ ನನ್ನದಕ್ಕಿಂತ ವಾಸಿ.

ಗಾಡಿಯ ದನಿ ಕಿವಿಗೆ ಬರುವ ಮೊದಲು ಅಂಗಾಲಿಗೆ ಬರುತ್ತದೆ. ಕಿವಿ ಇದ್ದಾಗ ನನಗೂ ಇದು ತಿಳಿದಿರಲಿಲ್ಲ, ಹೋದ ಮೇಲೆ ತಿಳಿಯಿತು. ಅದಕ್ಕೇ ಚಪ್ಪಲಿ ಬಿಚ್ಚಿದ್ದು. ಗುರುಮಠಕಲ್ ಬಿಡುವಾಗಲೇ ಎಡಗಡೆಯ ಗಾಲಿ ನಡುಗುವುದು ಸಿಕ್ಕಿತು. ಯಾದಗಿರಿಗೆ ಬರುವಷ್ಟರಲ್ಲಿ ಮೊಣಕಾಲಿನ ತನಕ ಏರಿತ್ತು. ಬೇರಿಂಗು ಹೋಗಿದೆ ಎಂದು ಗೊತ್ತಾಯಿತು. ಯಾರ ಕೈಯಿಂದ ಎಂದೂ ಗೊತ್ತಾಯಿತು. ಬಿಗಿಯಾಗಿದ್ದನ್ನು ಒಣಗಿದೆ ಎಂದವನು ನಾನು.

ಕಿಟಕಿಯ ಆಚೆ ನೋಡುತ್ತಿದ್ದೆ ಎಂದೆಯಲ್ಲ, ನಿನಗೆ ಹೇಳಲು ಸಲೀಸಾಗಲಿ ಎಂದು ಮುಖ ತಿರುಗಿಸಿ ಕೂತಿದ್ದೆ. ಎದುರಿಗೆ ಮುಖ ಇದ್ದರೆ ನಿನಗೆ ಮಾತು ಬರುವುದಿಲ್ಲವಲ್ಲ. ಈಗ ಹೇಳುತ್ತಾನೆ, ಇನ್ನೊಂದು ತಿರುವಿಗೆ ಹೇಳುತ್ತಾನೆ ಎಂದು ಕಾದೆ. "ಉಸ್ತಾದ್, ನೀವ ಬಿಚ್ಚಬಾರದಿತ್ತು" ಎಂದು ಒಂದು ಮಾತು ಅಂದಿದ್ದರೆ, ನಾನು ಬ್ರಿಜ್ ಬರುವ ತನಕ ನಿನ್ನನ್ನು ಬೈದು, ಶಹಾಪುರದ ತನಕ ನಗುತ್ತಿದ್ದೆ.

ಇನ್ನೊಂದು ಮಾತು ನಿನಗೆ ಹೊಳೆದಿಲ್ಲ. ಯಾದಗಿರಿ ಸ್ಟ್ಯಾಂಡಿನಲ್ಲಿ ಗುರುಮಠಕಲ್ ಬಸ್ಸಿನ ಪಕ್ಕದಲ್ಲೇ ಶಹಾಪುರದ ಬಸ್ಸು ನಿಂತಿತ್ತು. ಹೂ ತೊಡೆಯ ಮೇಲೇ ಇತ್ತು. ಗಾಡಿ ಹೋದರೆ ಹೋಗಲಿ, ಅದರಲ್ಲಿ ಹತ್ತಿ ನಾವಿಬ್ಬರೂ ಆಕೆಯ ಹತ್ತಿರ ಹೋಗಿಬಿಡುತ್ತಿದ್ದೆವು. ಆದರೆ ನೀನು ಬ್ರಿಜ್ಜನ್ನೇ ಮುಚ್ಚಿಬಿಟ್ಟಿದ್ದೆ. ನಾನೂ ಬಾಯಿ ಬಿಡಲಿಲ್ಲ. ನಿನ್ನ ಸುಳ್ಳನ್ನು ಸ್ಟ್ಯಾಂಡಿನ ಮಂದಿಯ ಮುಂದೆ ತೆಗೆಯಲು ನನಗೆ ಮನಸ್ಸಾಗಲಿಲ್ಲ. ಅಲ್ಲಿಗೆ ಇಬ್ಬರೂ ಸೇರಿ ಆಕೆಯನ್ನು ಬಿಟ್ಟೆವು.

ಆಮೇಲೆ ಬ್ರಿಜ್ಜಿನ ಮೇಲೆ ಏನಾಗಿತ್ತು ಎಂದು ಬರೆದು ಕೇಳಿದೆ. ನೀನು ಮತ್ತೆ ಬಂದ್ ಎಂದೆ. ಕೋಪ ಬಂದದ್ದು ಆಗ, ಅಲ್ಲಿಯ ತನಕ ಬರೀ ಮುನಿಸು.

ಚಪ್ಪಲಿ ಮರೆತು ಬಿಟ್ಟದ್ದಲ್ಲ. ಕೊಡುವ ನೆಪದಿಂದಾದರೂ ಬರುತ್ತೀ ಎಂದು ಬಿಟ್ಟೆ. ಈಗ ಕಳಿಸಬೇಡ. ನಡೆಯುವವರಿಗೆ ಬೇಕಾದ ವಸ್ತು ಅದು. ಗಾಡಿಯಲ್ಲೇ ಇರಲಿ, ಎಡಗಡೆ.

ಹೊಸ ಹಬ್ಬು ತಂದು ಹಾಕು. ಬಿಚ್ಚಬೇಡ. ಮುಳ್ಳು ಕಡಿದು ಬಾ.

ಉಸ್ತಾದ


ಶಹಾಪುರ
24 ನವೆಂಬರ್ 2024

ಉಸ್ತಾದ್ ಅವರಿಗೆ ಮಲ್ಲುವಿನ ನಮಸ್ಕಾರ.

ನಿಮ್ಮ ಕಾಗದವನ್ನು ದಿನಾ ಓದುತ್ತಿದ್ದೇನೆ. ಶಹಾಪುರದ ಬಸ್ಸಿನ ಮಾತು ಬರುವಲ್ಲಿಗೆ ನಿಲ್ಲಿಸುತ್ತೇನೆ. ಆ ಬಸ್ಸನ್ನು ನಾನೂ ನೋಡಿದ್ದೆ. ಅದಕ್ಕೆ ಬೆನ್ನು ಮಾಡಿ ನಿಮ್ಮನ್ನು ಹತ್ತಿಸಿದೆ.

ಯಾದಗಿರಿಯಿಂದ ಹೊಸ ಜೊತೆ ತಂದೆ. ಬಿಗಿಯಾಗಿಯೇ ಇದ್ದವು, ಹಾಗೆಯೇ ಕೂರಿಸಿದೆ. ಕೆಟ್ಟು ಹೋದದ್ದನ್ನು ಎಸೆದಿಲ್ಲ. ನಿಮ್ಮ ಅಂಗೈಯ ಗ್ರೀಸ್ ಇನ್ನೂ ಅದರೊಳಗಿದೆ, ಕಪ್ಪಾಗಿದೆ. ನಿಮ್ಮ ಪೇಟಿ ಇರುತ್ತಿದ್ದ ಹಲಗೆಯ ಮೇಲೆ ಇಟ್ಟಿದ್ದೇನೆ.

ಹೋದ ಗುರುವಾರ ವನದುರ್ಗಕ್ಕೆ ಹೋಗಿದ್ದೆ. ಮುಳ್ಳು ಮೊಣಕಾಲೆತ್ತರ ಬೆಳೆದಿತ್ತು, ಕಡಿದೆ. ಗೋರಿಯ ತಲೆಕಡೆಯ ಕಲ್ಲು ಸ್ವಲ್ಪ ವಾಲಿತ್ತು, ಮಣ್ಣು ತುಂಬಿ ನಿಲ್ಲಿಸಿದೆ. ಹೂ ಹಾಕಿದೆ. ನೀವು ಯಾಕೆ ಬರಲಿಲ್ಲ ಎಂದು ಅಮ್ಮನವರಿಗೆ ಹೇಳಬೇಕೆಂದಿದ್ದೆ. ಸುತ್ತ ಯಾರೂ ಇರಲಿಲ್ಲ, ಆದರೂ ಬಾಯಿ ಬರಲಿಲ್ಲ. ನನ್ನ ಹಣೆಬರಹ ಇಷ್ಟೇ. ಗೋರಿಯ ಪಕ್ಕದಲ್ಲಿ ನಿಮಗೆಂದು ಬಿಟ್ಟ ಜಾಗವನ್ನೂ ಗುಡಿಸಿ ಬಂದೆ. ಅದನ್ನು ಬರೆಯಬಾರದೇನೋ. ಬಚ್ಚಿಟ್ಟರೆ ನೀವು ಮತ್ತೆ ಬೈಯುತ್ತೀರಿ ಎಂದು ಬರೆದೆ.

ಇವತ್ತು ಬೆಳಿಗ್ಗೆ ಗಾಡಿ ತೆಗೆದೆ. ಸುರಪುರ ರಸ್ತೆಯಲ್ಲಿ ಹತ್ತಿಯ ಗಾಡಿ ಹೋಗಿತ್ತು, ಬೇಲಿಗೆಲ್ಲ ಅರಳೆ ಸಿಕ್ಕಿತ್ತು. ಎರಡು ಎಳೆ ಕಿತ್ತು ಉಂಡೆ ಮಾಡಿ ಕಿವಿಗೆ ತುರುಕಿದೆ. ನನ್ನ ಚಪ್ಪಲಿ ಬಿಚ್ಚಿ ಹಿಂದೆ ಇಟ್ಟೆ. ಬರಿಗಾಲಲ್ಲಿ ಮೆಲ್ಲಗೆ ಓಡಿಸಿದೆ. ಮೊದಲು ಏನೂ ತಿಳಿಯಲಿಲ್ಲ, ತಗಡು ತಣ್ಣಗಿತ್ತು ಅಷ್ಟೇ. ಕೆರೆಯ ಏರಿ ಬರುವಷ್ಟರಲ್ಲಿ ಇಂಜಿನ್ನು ಒಂದು ಕಡೆಯಿಂದ, ರಸ್ತೆ ಒಂದು ಕಡೆಯಿಂದ ಬೇರೆ ಬೇರೆಯಾಗಿ ಅಂಗಾಲಿಗೆ ಬರತೊಡಗಿದವು. ಗಾಲಿಗಳ ನಡುಕ ಏನೂ ಬರಲಿಲ್ಲ.

ಏರಿಯ ಕೊನೆಗೆ ಉಬ್ಬು ಇದೆಯಲ್ಲ, ಅದನ್ನು ದಾಟುವಾಗ ಎಡಗಡೆಯ ನಿಮ್ಮ ಚಪ್ಪಲಿ ಜರುಗಿ ಒಂದು ಮಗುಚಿತು. ಗಾಡಿ ನಿಲ್ಲಿಸಿ, ಆ ಕಡೆ ಹೋಗಿ ಬಾಗಿಲು ತೆಗೆದು, ಎರಡನ್ನೂ ಜೋಡಿಸಿ ಇಟ್ಟೆ.

ನಿಮ್ಮ
ಮಲ್ಲು